ಎರಡು ಮಾರು ತಂತಿ

ಮೊನ್ನೆ ಟೆಸ್ಟರ್ ಹುಡುಕುತ್ತಿದ್ದೆ. ಬೇಕಾದದ್ದೊಂದನ್ನು ಬಿಟ್ಟು ಉಳಿದದ್ದೆಲ್ಲ ಸಿಗುವ ಡ್ರಾಯರ್ ಒಂದು ನನ್ನ ಅಂಗಡಿಯಲ್ಲಿದೆ. ನಿಮ್ಮ ಮನೆಯಲ್ಲೂ ಇದ್ದೇ ಇರುತ್ತದೆ, ಸುಮ್ಮನೆ ಇಲ್ಲ ಅನ್ನಬೇಡಿ. ಒಳಗೆ ಕೈ ಹಾಕಿ ತಡಕುವಾಗ ಬೆರಳಿಗೆ ಏನೋ ಚುಚ್ಚಿತು. ಎಳೆದು ತೆಗೆದರೆ ಗೇಣುದ್ದದ ಉಕ್ಕಿನ ತಂತಿ. ಒಂದು ತುದಿಯಲ್ಲಿ ಪುಟ್ಟ ಕುಣಿಕೆ, ಕುಣಿಕೆಯ ಬುಡದಲ್ಲಿ ಒತ್ತೊತ್ತಾಗಿ ಏಳು ಸುತ್ತು. ಆ ಸುತ್ತು ಹಾಕಿದವನು ನಾನೇ. ಸಮುದ್ರದ ಮುಖ ಕಾಣದೆ ಡ್ರಾಯರಿನಲ್ಲೇ ಉಳಿದುಹೋದ ತುಂಡು ಅದು. ಹಾಗಿದ್ದರೂ ಮೂಗಿನ ಹತ್ತಿರ ಹಿಡಿದರೆ ಉಪ್ಪುನೀರಿನ ವಾಸನೆ. ನನ್ನ ಮೂಗಿನದೇ ದೋಷವಿರಬಹುದು ಎಂದು ಪಕ್ಕದ ಸೈಕಲ್ ಅಂಗಡಿಯವನ ಕೈಗೆ ಕೊಟ್ಟೆ. ಅವನು ಮೂಸಿ ನೋಡಿ, "ಎಂತ ಭಟ್ರೆ, ಮೀನ್ ಮಾರ್ಕೆಟ್ಟಿಗೆ ಹೋಗಿದ್ರಾ?" ಎಂದು ನಕ್ಕ. ನನಗೆ ನಗು ಬರಲಿಲ್ಲ.

ಸಾಗರದ ಪೇಟೆಯಲ್ಲಿ ನಾನು ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟು ಮೂವತ್ತು ವರ್ಷದ ಮೇಲಾಯಿತು. ಸುಟ್ಟುಹೋದ ಪಂಪ್‌ಸೆಟ್ಟು, ತಿರುಗದ ಫ್ಯಾನು, ಹೊಗೆ ಬಿಟ್ಟ ಮಿಕ್ಸಿ ಇವುಗಳ ಹೊಟ್ಟೆ ಬಗೆದು, ಕರಕಲಾದ ತಾಮ್ರ ಕಿತ್ತು, ಹೊಸ ತಾಮ್ರ ಸುತ್ತಿ ಕೊಡುವುದು ನನ್ನ ಕಸುಬು. ಕೂತು ಮಾಡುವ ಕೆಲಸವಾದ್ದರಿಂದ ಹೊಟ್ಟೆ ಬಂದಿದೆ. ಕೈಗೆ ಮಾತ್ರ ಕೆಲಸ, ಬಾಯಿಗೆ ಬಿಡುವು, ಹಾಗಾಗಿ ಮಾತೂ ಬಂದಿದೆ. ಮಿಕ್ಸಿ ತಂದವರು ಅರ್ಧ ಗಂಟೆ ನನ್ನ ಮಾತು ಕೇಳಿ, "ಇದು ಇಲ್ಲೇ ಇರ್ಲಿ, ನಾಳೆ ಬರ್ತೀನಿ" ಎಂದು ತಪ್ಪಿಸಿಕೊಂಡು ಓಡಿದ್ದೂ ಉಂಟು. ಇಷ್ಟೆಲ್ಲ ಮಾತಾಡುವ ನಾನು, ಆಡಲೇಬೇಕಾಗಿದ್ದ ಒಂದು ಮಾತನ್ನು ಮೂರು ವಾರ ನುಂಗಿಕೊಂಡು ಕೂತಿದ್ದೆ. ಅದನ್ನೇ ಈಗ ಹೇಳಹೊರಟಿದ್ದೇನೆ.

ನಮ್ಮದು ಮೀನು ತಿನ್ನುವ ಮನೆಯಲ್ಲ. ಆದರೆ ಮೀನು ಎಂದರೆ ನನಗೆ ಚಿಕ್ಕಂದಿನಿಂದಲೂ ಮರುಳು. ಮನೆ ಕೆಳಗಿನ ಹಳ್ಳದಲ್ಲಿ ಕಾಲು ಇಳಿಬಿಟ್ಟು ಕೂತರೆ ಬೆರಳುದ್ದದ ಮೀನುಗಳು ಬಂದು ಹಿಮ್ಮಡಿ ಕಚ್ಚುತ್ತಿದ್ದವು. ಕಚಗುಳಿಗೂ ನೋವಿಗೂ ನಡುವಿನ ಆ ಕಚ್ಚುವಿಕೆ ಇವತ್ತಿಗೂ ಕಾಲಿಗೆ ನೆನಪಿದೆ. ಒಮ್ಮೆ ಪಂಚೆಯಲ್ಲಿ ಸೋಸಿ ಹತ್ತೆಂಟು ಮೀನು ಹಿಡಿದು, ತೆಂಗಿನ ಗರಟದಲ್ಲಿ ನೀರು ಹಾಕಿ, ಸಾಕುತ್ತೇನೆಂದು ಮನೆಗೇ ತಂದೆ. ಅಜ್ಜಿ ಜಗುಲಿಯಿಂದಲೇ ಕೂಗಿದಳು: "ಅಯ್ಯೋ ಮಾಣಿ, ಎಂತಾ ಅದು ಕೈಯಲ್ಲಿ? ಅಲ್ಲೇ ನಿಂತ್ಕ, ಒಳಗೆ ಬರಡ!" ಮತ್ತೆ ಬಾವಿಕಟ್ಟೆಯಲ್ಲಿ ತಲೆಮೇಲೆ ನಾಲ್ಕು ಕೊಡ ತಣ್ಣೀರು. ಗರಟದೊಳಗೆ ಒಂದು ಮೀನು ಮಾತ್ರ ಮೇಲೆ ಬಂದು ನನ್ನನ್ನು ನೋಡುತ್ತಿತ್ತು. ಮೀನಿಗೆ ರೆಪ್ಪೆ ಇಲ್ಲ ಎಂದು ನನಗೆ ತಿಳಿದದ್ದು ಅವತ್ತು. ಅದು ಕಣ್ಣು ಮುಚ್ಚಲಿ ಎಂದು ಎಷ್ಟು ಹೊತ್ತು ಕಾದರೂ ಮುಚ್ಚಲಿಲ್ಲ, ಚಳಿಯಲ್ಲಿ ನಡುಗುತ್ತ ನಾನೇ ಬೇರೆ ಕಡೆ ನೋಡಿದೆ.

ಮಂಜಪ್ಪ ನನ್ನ ಅಂಗಡಿಗೆ ಬಂದದ್ದು ಸುಟ್ಟ ಪಂಪು ಹೊತ್ತುಕೊಂಡು. ಅವನ ಮನೆ ಶರಾವತಿ ಹಿನ್ನೀರಿನ ಅಂಚಿನಲ್ಲಿ. ಒಂದು ಗೂಡ್ಸ್ ಗಾಡಿ ಇಟ್ಟುಕೊಂಡು ಪ್ರತಿ ಸೋಮವಾರ ಸಾಗರದಿಂದ ಹೊನ್ನಾವರಕ್ಕೆ ಬಾಳೆಕಾಯಿ ಒಯ್ಯುತ್ತಿದ್ದ. ಹಿನ್ನೀರಿನಲ್ಲಿ ಗಾಳ ಹಾಕುತ್ತ ಬೆಳೆದವನು. ಮೀನು ಹಿಡಿಯುವುದು ಅವನಿಗೆ ಉಸಿರಾಡಿದಷ್ಟು ಸಲೀಸು. ಬಾಳೆಕಾಯಿ ಇಳಿಸಿದ ಮೇಲೆ ಖಾಲಿ ಗಾಡಿ ದಡದಲ್ಲಿ ನಿಲ್ಲಿಸಿ, ಗುರುತಿನವರ ಸಣ್ಣ ದೋಣಿ ತೆಗೆದುಕೊಂಡು, ಹೊಳೆ ಸಮುದ್ರ ಸೇರುವಲ್ಲಿ ಕೈಗಾಳ ಹಾಕುವುದು ಅವನ ಹೊಸ ಚಟ. ಪಂಪು ರಿಪೇರಿಯಾದ ದಿನ ಅವನು ಹೋಗದೆ ನಿಂತೇ ಇದ್ದ.

"ಭಟ್ರೆ, ಒಂದ್ ಕೆಲ್ಸ ಇತ್ತು. ಬೈಬಾರ್ದು."

"ಇನ್ನೊಂದು ಮೋಟ್ರಾ?"

"ಮೋಟ್ರಲ್ಲ. ಗಾಳ."

ಸಮುದ್ರದ ಇಸ್ವಾಣ ಮೀನು ಇದೆಯಲ್ಲ, ದಕ್ಷಿಣ ಕನ್ನಡದವರು ಅಂಜಲ್ ಎನ್ನುವುದು, ಅದಕ್ಕೆ ಅವನ ನೈಲಾನಿನ ತಂಗೂಸಿ ದಾರ ತಡೆಯುತ್ತಿರಲಿಲ್ಲ. "ಹೊಳೆ ಮೀನಿಗೆ ಬಾಯಿ ಇರ್ತದೆ ಕಣ್ರೀ. ಇದಕ್ಕೆ ಬಾಯಲ್ಲ, ಗರಗಸ. ಒಂದೇ ಸಲ ಕಚಕ್, ಗಾಳನೂ ಹೋಯ್ತು, ಎರೆಗೆ ಹಾಕಿದ ಬಂಗಡೆನೂ ಹೋಯ್ತು. ಗಾಳಕ್ಕೆ ಮೇಲಿಂದ ಒಂದು ಗೇಣು ತಂತಿ ಬೇಕು. ನಿಮ್ಮತ್ರ ತಂತಿ ರಾಶಿ ಇದ್ಯಲ್ಲ."

ಈ ಸಮಸ್ಯೆ ಕೇಳಿದ್ದೇ ನನಗೆ ಊಟ ಮರೆತುಹೋಯಿತು. ಮೊದಲು ನನ್ನ ಜಾಣತನದಲ್ಲಿ ತಾಮ್ರದ ತಂತಿ ಹಾಕಿ ಕೊಟ್ಟೆ. ಮೀನು ಅದನ್ನು ಶಾವಿಗೆಯ ಹಾಗೆ ಹರಿದು ಹಾಕಿತು. ಆಮೇಲೆ ಬೈಕಿನ ಹಳೇ ಕ್ಲಚ್ ಕೇಬಲ್ ಬಿಚ್ಚಿದೆ. ಒಳಗಿನ ಉಕ್ಕಿನ ಎಳೆಗಳಲ್ಲಿ ಮೂರನ್ನು ಆರಿಸಿ, ಹ್ಯಾಂಡ್ ಡ್ರಿಲ್ಲಿಗೆ ಸಿಕ್ಕಿಸಿ ಹೊಸೆದರೆ ಎಂಥ ಹಲ್ಲಿಗೂ ಬಗ್ಗದ ತಂತಿ. ಕುಣಿಕೆ ಬಿಚ್ಚಿಕೊಳ್ಳದಂತೆ ಹಿಡಿಯಲು ಸಣ್ಣ ಕೊಳವೆ ಬೇಕಿತ್ತು. ಕೆಟ್ಟ ಫ್ರಿಜ್ಜಿನೊಳಗೆ ಸೂಜಿಯಷ್ಟು ಸಪೂರದ ತಾಮ್ರದ ನಳಿಕೆ ಇರುತ್ತದೆ. ಅದನ್ನು ಅರದಿಂದ ಗೀರಿ ಅಕ್ಕಿಕಾಳಿನಷ್ಟು ತುಂಡು ಮಾಡಿ, ತಂತಿಗೆ ಪೋಣಿಸಿ, ಇಕ್ಕಳದಲ್ಲಿ ಒತ್ತಿ, ಬುಡಕ್ಕೆ ಏಳು ಸುತ್ತು ಹಾಕಿದೆ. ತಂತಿ ಮುರಿ ಬೀಳದಿರಲೆಂದು ಕೀ ಚೈನಿನ ತಿರುಗುವ ಕೊಂಡಿ. ಉಪ್ಪಿಗೆ ತುಕ್ಕು ಹಿಡಿಯದಿರಲೆಂದು ವೈಂಡಿಂಗಿಗೆ ಹಚ್ಚುವ ವಾರ್ನಿಷ್, ಅದು ಒಣಗಲು ದೊಡ್ಡ ಬಲ್ಬಿನ ಕಾವು. ಈ ಮೀನು ಎರೆಯನ್ನು ಮೊದಲು ಬಾಲದ ಕಡೆಯಿಂದ ತುಂಡರಿಸುತ್ತದಂತೆ, ನಮ್ಮ ಕೆಲವು ನೆಂಟರ ಹಾಗೆ ಹಿಂದಿನಿಂದ ಕಚ್ಚುವ ಜಾತಿ. ಅದಕ್ಕಾಗಿ ಬಾಲದ ಹತ್ತಿರ ಎರಡನೇ ಗಾಳ ಇಳಿಬಿಟ್ಟೆ.

ಆ ಸೋಮವಾರ ಸಂಜೆ ಮಂಜಪ್ಪ ಗಾಡಿಯ ಹಿಂಬದಿ ತೆರೆದು ತೋರಿಸಿದ. ತೊಡೆಯುದ್ದದ ಮೀನು, ಬೆಳ್ಳಿ ಬಣ್ಣ, ಪಕ್ಕೆಯಲ್ಲಿ ಮಸುಕು ಮಸುಕು ಪಟ್ಟೆ. ಬಾಯಲ್ಲಿ ನಾನು ಕಟ್ಟಿದ ತಂತಿ ಹಾಗೇ ಇತ್ತು.

ಅಂದಿನಿಂದ ಪ್ರತಿ ಭಾನುವಾರ ಮಧ್ಯಾಹ್ನ ಅವನು ಬರುವುದು, ನಾನು ಕಟ್ಟುವುದು, ಇಬ್ಬರೂ ಚಾ ಕುಡಿಯುವುದು ರೂಢಿಯಾಯಿತು. ಇದು ಎಷ್ಟೋ ವರ್ಷ ನಡೆಯಿತು. ಹೊನ್ನಾವರದಲ್ಲೇ ಅಂಗಡಿಯಲ್ಲಿ ಸಿದ್ಧ ತಂತಿ ಸಿಗುತ್ತದಲ್ಲ ಮಾರಾಯಾ, ನನ್ನ ತಲೆ ಯಾಕೆ ತಿನ್ನುತ್ತೀಯ ಎಂದು ಒಮ್ಮೆ ಕೇಳಿದೆ. ಅವನು ಆಚೀಚೆ ನೋಡಿ ದನಿ ತಗ್ಗಿಸಿದ.

"ಮೀನು ತಿಂದ ಕೈ ಕಟ್ಟಿದ್ರೆ ಮೀನಿಗೆ ಗೊತ್ತಾಗ್ತದೆ ಭಟ್ರೆ. ನಮ್ಮಜ್ಜ ಗಾಳ ಕಟ್ಸೋಕೆ ದೇವಸ್ಥಾನದ ಪೂಜೆ ಭಟ್ರತ್ರ ಹೋಗ್ತಿದ್ರು. ನಿಮ್ಮ ಕೈಗೆ ಆ ವಾಸನೆನೇ ಇಲ್ಲ ನೋಡಿ. ಇದ್ಯಾವ್ದೋ ಗಿಡದ ಬಳ್ಳಿ ಅಂದ್ಕೊಂಡು ಬರ್ತಾವೆ."

ನಾನು ಹೋ ಎಂದು ನಕ್ಕೆ. ಆದರೆ ಅವನು ಈ ವಿಷಯದಲ್ಲಿ ನಗುವವನಲ್ಲ. ಕಟ್ಟಿದ ಗಾಳವನ್ನು ಕೈಯಿಂದ ಕೈಗೆ ತೆಗೆದುಕೊಳ್ಳುತ್ತಿರಲಿಲ್ಲ. ನಾನು ಹೊಸ್ತಿಲ ಮೇಲೆ ಬಾಳೆ ಎಲೆಯಲ್ಲಿ ಇಡಬೇಕು, ನಾನು ಬೆನ್ನು ತಿರುಗಿಸಿದ ಮೇಲೆ ಅವನು ಎಲೆ ಸಮೇತ ಎತ್ತಿಕೊಳ್ಳಬೇಕು. ಬೆನ್ನು ತಿರುಗಿಸಿ ನಿಂತಾಗ ಒಂದೊಂದು ಸಲ ಹಿಂದೆ ಇರುವವನು ಮಂಜಪ್ಪನೇ ಹೌದೋ ಅಲ್ಲವೋ ಎಂದು ಸುಮ್ಮನೆ ಒಂದು ಅನುಮಾನ ಬರುತ್ತಿತ್ತು. ತಿರುಗಿ ನೋಡಿದರೆ ಗಾಡಿ ಸ್ಟಾರ್ಟ್ ಮಾಡುತ್ತಿರುತ್ತಿದ್ದ.

ಇನ್ನು ನನ್ನ ಪಾಪದ ಕಥೆ. ಹೊನ್ನಾವರದ ಕಡೆ ಐಸ್ ಮಾಡುವ ಕಾರ್ಖಾನೆಯೊಂದರ ದೊಡ್ಡ ಮೋಟಾರು ಸುಟ್ಟಿತೆಂದು ನನ್ನನ್ನು ಕರೆಸಿದ್ದರು. ಕೆಲಸ ಮುಗಿದಾಗ ಮಧ್ಯಾಹ್ನ ಎರಡೂವರೆ. ಬಸ್‌ಸ್ಟ್ಯಾಂಡ್ ಹತ್ತಿರ ಊಟಕ್ಕೆ ಹುಡುಕಿದೆ. ನಾನು ಗೊತ್ತಿಲ್ಲದೆ ಮೀನೂಟದ ಹೋಟೆಲಿಗೆ ನುಗ್ಗಿದೆ ಎಂದು ಹೆಂಡತಿಯ ಹತ್ತಿರ ಹೇಳಬಹುದು, ನಿಮ್ಮ ಹತ್ತಿರ ಯಾಕೆ ಸುಳ್ಳು? ಬೋರ್ಡು ಓದಿಯೇ ಒಳಗೆ ಹೋದೆ. ಇಷ್ಟು ವರ್ಷ ಯಾವ ಮೀನಿಗಾಗಿ ತಂತಿ ಹೊಸೆದೆನೋ ಅದರ ರುಚಿ ಹೇಗಿರುತ್ತದೆ ಎಂಬ ಒಂದು ಹುಳ ತಲೆಯೊಳಗೆ ಬಹಳ ಕಾಲದಿಂದ ಕೊರೆಯುತ್ತಿತ್ತು. ಬಡಿಸುವವನು "ಇಸ್ವಾಣ ಫ್ರೈ ಹಾಕ್ಲಾ?" ಎಂದ. ನನ್ನ ತಲೆ ತಾನಾಗಿ ಅಲ್ಲಾಡಿತು.

ಒಂದೇ ತುಂಡು. ಕೆಂಪು ಮಸಾಲೆ ಮೆತ್ತಿದ್ದು. ರುಚಿ ಹೇಗಿತ್ತು ಅಂತ ಕೇಳಬೇಡಿ, ಚೆನ್ನಾಗಿತ್ತು. ತುಂಬಾ ಚೆನ್ನಾಗಿತ್ತು. ಆಮೇಲೆ ಸೋಪು ಹಾಕಿ ಕೈ ತೊಳೆದೆ, ಮೂರು ಬಾಳೆಹಣ್ಣು ತಿಂದೆ, ಲವಂಗ ಜಗಿದೆ. ಬಸ್ಸು ಘಟ್ಟ ಹತ್ತುವಾಗ ಬೆರಳು ಮೂಸಿಕೊಂಡರೆ ಇನ್ನೂ ಇತ್ತು. ಮನೆಯಲ್ಲಿ ಬಚ್ಚಲಿಂದ ಹೊರಗೆ ಬಾರದ್ದು ನೋಡಿ ಹೆಂಡತಿ ಸಾವಿತ್ರಿ ಬಾಗಿಲ ಹತ್ತಿರ ಬಂದಳು. "ಎಂತಾ ಆತು? ಅಷ್ಟೊತ್ತಿಂದ ಕೈ ತೊಳಿತಾ ಇದ್ದಿ! ಚರ್ಮ ಕಿತ್ತು ಬತ್ತು ಈಗ." ಗ್ರೀಸು ಕಣೇ, ಹೋಗ್ತಾ ಇಲ್ಲ ಎಂದೆ. ಮರುದಿನ ಭಾನುವಾರ. ಮಂಜಪ್ಪ ಬಂದ. ಅದೇ ಕೈಯಲ್ಲಿ ಕಟ್ಟಿದೆ.

ಸೋಮವಾರ ಸಂಜೆ ಅವನು ಬರಿಗೈಯಲ್ಲಿ ಬಂದು ತಂಗೂಸಿಯ ತುದಿ ತೋರಿಸಿದ. ತಂತಿ ಮುಗಿದು ತಂಗೂಸಿ ಶುರುವಾಗುವ ಜಾಗದಿಂದ ಒಂದು ಬೆರಳು ಮೇಲೆ ಕತ್ತರಿಸಿತ್ತು. ಬ್ಲೇಡಿನಲ್ಲಿ ಕೊಯ್ದ ಹಾಗೆ, ಓರೆಯಾಗಿ.

"ವರ್ಷಗಟ್ಲೆ ಹೀಗಾಗಿರ್ಲಿಲ್ಲ ಭಟ್ರೆ. ತಂತಿ ಮುಟ್ಟಿಲ್ಲ, ದಾಟಿ ಬಂದು ಕಚ್ಚಿದೆ."

ಹೋಟೆಲಿನ ಆ ತುಂಡು ನೆನಪಾಯಿತು. ಆದರೂ ನಾನು ಓಮ್ಸ್, ವೋಲ್ಟ್ ಅಳೆಯುವವನು. ದೊಡ್ಡ ಮೀನಿರಬೇಕು, ತಂತಿ ಒಂದು ಮೊಳ ಮಾಡೋಣ ಎಂದೆ. ಮಾಡಿದೆ. ಮುಂದಿನ ಸೋಮವಾರ ಆ ಮೊಳ ದಾಟಿ ಒಂದು ಬೆರಳು ಮೇಲೆ ಕತ್ತರಿಸಿತ್ತು. ಅದೇ ಓರೆ. ಮೂರು ಮೊಳ ಮಾಡಿದೆ. ಮೂರನೇ ಸೋಮವಾರ ಮೂರು ಮೊಳ ದಾಟಿ ಒಂದು ಬೆರಳು.

ಮಂಜಪ್ಪ ಮೂರು ತುದಿಗಳನ್ನೂ ನನ್ನ ಮೇಜಿನ ಮೇಲೆ ಸಾಲಾಗಿ ಇಟ್ಟ. ಸಂಜೆ ಬಿಸಿಲು ಇನ್ನೂ ಕಣ್ಣಿಗೆ ಹೊಡೆಯುತ್ತಿತ್ತು, ಬೀದಿಯಲ್ಲಿ ಜನ ಓಡಾಡುತ್ತಿದ್ದರು, ಆದರೂ ನನ್ನ ಅಂಗಡಿಯೊಳಗೆ ತಣ್ಣಗಾದಂತೆ ಅನಿಸಿತು.

"ಇದು ಹಸಿವಿಗೆ ಕಚ್ತಾ ಇಲ್ಲ," ಎಂದ. "ಅಳತೆ ತಗೊಳ್ತಾ ಇದೆ. ದಾರ ಹಿಡ್ಕೊಂಡು ಮೇಲೆ ಬರ್ತಾ ಇದೆ."

"ಹೋಗೋದು ಬಿಡು ಮಾರಾಯಾ ಹಾಗಾದ್ರೆ. ಮೀನಿಲ್ದೇ ಇದ್ರೆ ಜೀವ ಹೋಗ್ತದಾ?"

"ಬಿಡೋದೆಂಥ? ಅದೇನು ಅಂತ ನೋಡ್ಲೇಬೇಕು. ಈ ಸಲ ಎರಡು ಮಾರು ತಂತಿ ಹಾಕಿ. ಆನೆ ಎಳೆದ್ರೂ ತುಂಡಾಗಬಾರ್ದು."

ಆಗ ಹೇಳಬೇಕಿತ್ತು. 'ಮಂಜಪ್ಪ, ನಾನು ಮೀನು ತಿಂದಿದ್ದೇನೆ, ಈ ಕೈ ಈಗ ಮೊದಲಿನದಲ್ಲ' ಎಂದು ಒಂದೇ ವಾಕ್ಯ. ಅವನು ನಂಬುವುದನ್ನು ನಾನು ನಂಬದಿರಬಹುದು, ಆದರೆ ಅವನು ನಂಬುತ್ತಾನೆ ಎಂದು ನನಗೆ ಗೊತ್ತಿತ್ತಲ್ಲ! ಹೇಳಿದರೆ ಅವನು ನನ್ನ ಹತ್ತಿರ ಕಟ್ಟಿಸುವುದು ಬಿಡುತ್ತಾನೆ. ಕಟ್ಟಿಸುವುದು ಬಿಟ್ಟರೆ ಭಾನುವಾರ ಬರುವುದೂ ಬಿಡುತ್ತಾನೆ. ನನ್ನ ಮಾತನ್ನು ಪೂರ್ತಿ ಕೂತು ಕೇಳುತ್ತಿದ್ದ ಮನುಷ್ಯ ಈ ಊರಲ್ಲಿ ಅವನೊಬ್ಬನೇ. ಆ ಒಬ್ಬನನ್ನು ಕಳೆದುಕೊಳ್ಳಲು ನನಗೆ ಹೆದರಿಕೆ. ಅದಕ್ಕೇ ಬಾಯಿ ಮುಚ್ಚಿಕೊಂಡು ತಂತಿ ಹುಡುಕಿದೆ.

ಕ್ಲಚ್ ಕೇಬಲ್ ಅಷ್ಟುದ್ದ ಇರುವುದಿಲ್ಲ. ಗುಜರಿಯಲ್ಲಿ ಹಳೇ ಬಸ್ಸೊಂದರ ಎಕ್ಸಲೇಟರ್ ಕೇಬಲ್ ಸಿಕ್ಕಿತು. ಬೆಂಚಿನ ವೈಸಿಗೆ ಒಂದು ತುದಿ ಕಚ್ಚಿಸಿ, ಇನ್ನೊಂದನ್ನು ಬಾಗಿಲ ಚೌಕಟ್ಟಿನ ಮೊಳೆಗೆ ಬಿಗಿದು ಹೊಸೆದೆ. ಹೊಸೆದು ಮುಗಿಸಿ ಚಾ ಕುಡಿಯಲು ಕೂತಾಗ ತಂತಿ ಸಣ್ಣಗೆ ಗುಂಯ್‌ಗುಡಲು ಶುರುಮಾಡಿತು. ಫ್ಯಾನು ನಿಲ್ಲಿಸಿದೆ. ಮೇನ್ ಸ್ವಿಚ್ಚನ್ನೇ ತೆಗೆದೆ. ಗಾಳಿಯೂ ಇಲ್ಲ. ಗುಂಯ್‌ಗುಡುತ್ತಲೇ ಇತ್ತು. ಬೆರಳಿಟ್ಟರೆ ನಿಂತಿತು, ಬೆರಳು ತೆಗೆದರೆ ಮತ್ತೆ. ತುದಿಯಲ್ಲಿ ಐದು ಎಚ್‌ಪಿ ಮೋಟಾರು ನೇತುಹಾಕಿ ನೋಡಿದೆ. ತಡೆಯಿತು.

ನಿಮಗೆ ಒಂದು ಮಾತು ಹೇಳುತ್ತೇನೆ, ಇದು ನನ್ನ ಕಸುಬಿನ ಮಾತು. ಎಲ್ಲಿಯೇ ಆಗಲಿ ಒಂದು ಫ್ಯೂಸ್ ಇರಬೇಕು. ಮನೆ ಉಳಿಯಬೇಕಾದರೆ ಫ್ಯೂಸ್ ಸುಡಬೇಕು. ಅಷ್ಟು ವರ್ಷ ಮಂಜಪ್ಪನ ಗಾಳಕ್ಕೆ ತಂಗೂಸಿಯೇ ಫ್ಯೂಸ್. ತಡೆಯಲಾರದ ಮೀನು ಸಿಕ್ಕಿದರೆ ಅದು ಹರಿದುಹೋಗುತ್ತಿತ್ತು. ತಂತಿ ಗೇಣುದ್ದ ಇದ್ದಾಗ ಕೈ ಇರುತ್ತಿದ್ದದ್ದು ತಂಗೂಸಿಯ ಮೇಲೆ. ಎರಡು ಮಾರು ಆದರೆ, ಮೀನು ದೋಣಿಯ ಹತ್ತಿರ ಬಂದಾಗ ಕೈ ತಂತಿಯ ಮೇಲೇ ಬರುತ್ತದೆ. ಹಿನ್ನೀರಿನವರಿಗೆ ದಾರವನ್ನು ಅಂಗೈಗೆ ಎರಡು ಸುತ್ತು ಸುತ್ತಿಕೊಂಡು ಎಳೆಯುವ ಅಭ್ಯಾಸ. ಹೊಳೆ ಮೀನಿಗೆ ಅದು ನಡೆಯುತ್ತದೆ. ಸಮುದ್ರದವರು ಎಂದೂ ಹಾಗೆ ಮಾಡುವುದಿಲ್ಲ. ಮಂಜಪ್ಪ ಮಾಡುತ್ತಾನೆ ಎಂದು ನನಗೆ ಗೊತ್ತಿತ್ತು; ನನ್ನ ಅಂಗಡಿಯಲ್ಲೇ ಹಗ್ಗವನ್ನೂ ಹಾಗೆ ಸುತ್ತಿಕೊಂಡೇ ಮೋಟಾರು ಎತ್ತುತ್ತಿದ್ದ. ಕೈಗೆ ಸುತ್ತಿಕೊಳ್ಳಬೇಡ ಎಂದೂ ನಾನು ಹೇಳಲಿಲ್ಲ. ಒಂದು ಮಾತು ಮುಚ್ಚಿಡಲು ಹೋದವನಿಗೆ ಉಳಿದ ಮಾತೂ ಹೊರಡಲಿಲ್ಲ. ಭಾನುವಾರ ಎಲೆಯಲ್ಲಿಟ್ಟು ಬೆನ್ನು ತಿರುಗಿಸಿದೆ.

ಆ ಸೋಮವಾರ ಸಂಜೆ ಮಂಜಪ್ಪ ಬರಲಿಲ್ಲ. ಆರು ಗಂಟೆಯವರೆಗೆ ಬಾಗಿಲು ನೋಡಿದೆ. ಫೋನ್ ಹಚ್ಚಿದರೆ ರಿಂಗಾಗುತ್ತದೆ, ಎತ್ತುವವರಿಲ್ಲ. ಬಾಳೆಕಾಯಿ ಇಳಿಸುವುದು ತಡವಾಗಿರಬೇಕು ಎಂದುಕೊಂಡು ಮನೆಗೆ ಹೋದೆ. ಮರುದಿನ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೆ ಅವನ ಹೆಂಡತಿ ನಾಗವೇಣಿ ಕಟ್ಟೆಯ ಮೇಲೆ ಕೂತಿದ್ದಳು.

"ಹೊನ್ನಾವರದ ಆಸ್ಪತ್ರೆಯಿಂದ ಫೋನ್ ಬಂತು ಭಟ್ರೆ. ಇವ್ರು ಅಲ್ಲಿದಾರಂತೆ. ಕೈಗೆ ಏನೋ ಆಗದೆ ಅಂದ್ರು. ನಂಗೆ ಆ ಊರು ಗೊತ್ತಿಲ್ಲ. ಬರ್ತೀರಾ?"

ಬರದೆ? ಬಾಗಿಲು ಹಾಗೇ ಎಳೆದುಕೊಂಡು ಹೊರಟೆ. ಬಸ್ಸು ತಾಳಗುಪ್ಪ, ಜೋಗ ದಾಟಿ ಘಟ್ಟ ಇಳಿಯುವವರೆಗೆ ನಾಗವೇಣಿ ಒಂದು ಮಾತೂ ಆಡಲಿಲ್ಲ, ನಾನೂ ಆಡಲಿಲ್ಲ. ನಾನು ಸುಮ್ಮನಿರುವುದನ್ನು ಅವಳು ಎಂದೂ ನೋಡಿರಲಿಲ್ಲ. ಅದಕ್ಕೇ ಅವಳಿಗೆ ಹೆಚ್ಚು ಹೆದರಿಕೆಯಾಗಿರಬೇಕು. ಗೇರುಸೊಪ್ಪೆಯ ಹತ್ತಿರ ಬಂದಾಗ, "ಬದುಕಿದಾರೆ ತಾನೇ? ನಿಮ್ಗೆ ಬೇರೆ ಏನಾದ್ರೂ ಹೇಳಿದಾರಾ?" ಎಂದು ಕೇಳಿದಳು. ಇಲ್ಲ ತಾಯಿ, ನನಗೇನೂ ಗೊತ್ತಿಲ್ಲ ಎಂದೆ. ಅದೂ ಪೂರ್ತಿ ನಿಜವಲ್ಲ.

ಆಸ್ಪತ್ರೆಯ ಹೊರಗೆ ಒಬ್ಬ ವಯಸ್ಸಾದ ಮೀನುಗಾರ ನಮಗಾಗಿ ಕಾದಿದ್ದ. ಮಂಜಪ್ಪನನ್ನು ದಡಕ್ಕೆ ತಂದವನು ಅವನೇ. ನಾಗವೇಣಿಯನ್ನು ಒಳಗೆ ಕಳಿಸಿ ನನ್ನನ್ನು ಬದಿಗೆ ಕರೆದ.

"ಜೀವಕ್ಕೆ ಭಯ ಇಲ್ಲ. ಬಲಗೈಯ ಎರಡು ಬೆರಳು ಹೋಯ್ತು. ಕೈಗೆ ತಂತಿ ಸುತ್ತಿಕೊಂಡಿದ್ರು. ಘಟ್ಟದ ಮೇಲಿನವರಿಗೆ ಇದೊಂದು ಹೇಳಿದ್ರೆ ಗೊತ್ತಾಗೂದಿಲ್ಲ." ವಾರ್ಡಿನ ಬಾಗಿಲ ಕಡೆ ಒಮ್ಮೆ ನೋಡಿ ಮುಂದುವರಿಸಿದ. "ಆದ್ರೆ ಒಂದು ಕೇಳ್ತೇನೆ, ನೀವು ಓದಿದವರು. ಮಧ್ಯಾಹ್ನ ಹನ್ನೆರಡು ಗಂಟೆ. ಗಾಳಿ ಇಲ್ಲ. ಇಳಿತದ ಹೊತ್ತು, ಹೊಳೆ ನೀರೆಲ್ಲ ಸಮುದ್ರಕ್ಕೆ ಹೋಗ್ತಾ ಉಂಟು. ಇವರ ದೋಣಿ ಮಾತ್ರ ಮೇಲೆ ಹೋಗ್ತಾ ಉಂಟು, ಘಟ್ಟದ ಕಡೆಗೆ. ಹುಟ್ಟು ದೋಣಿಯೊಳಗೇ ಬಿದ್ದಿತ್ತು. ಸಮುದ್ರದ ಮೀನು ಸಿಹಿನೀರಿನ ಕಡೆ ಯಾಕೆ ಎಳೀತದೆ?"

ಬಿಡಿಸಿದ್ದು ಹೇಗೆ ಎಂದು ಕೇಳಿದೆ.

"ನಾವು ಹತ್ತಿರ ಬಂದದ್ದೇ ತಂತಿ ಸಡಿಲಾಯ್ತು. ಎಳೆದು ನೋಡಿದೆ. ಎರಡೂ ಗಾಳ ಇತ್ತು. ಎರೆಗೆ ಹಾಕಿದ ಬಂಗಡೆ ಹಾಗೇ ಇತ್ತು. ಹಲ್ಲಿನ ಗುರುತು ಒಂದೂ ಇರ್ಲಿಲ್ಲ." ಹಾಗೆಂದು ಅವನು ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡು ಹೊರಟುಹೋದ.

ಒಳಗೆ ಹೋದೆ. ಮಂಜಪ್ಪ ಕಿಟಕಿಯ ಕಡೆಯ ಹಾಸಿಗೆಯಲ್ಲಿ ಮಲಗಿದ್ದ. ಬಲಗೈ ಪೂರ್ತಿ ಬಿಳಿ ಬಟ್ಟೆ. ಮುಖ ಒಂದೇ ದಿನದಲ್ಲಿ ಇಳಿದುಹೋಗಿತ್ತು, ಮೈ ಕಾವೇರಿತ್ತು. ನಾಗವೇಣಿ ಹಾಸಿಗೆಯ ತುದಿಯಲ್ಲಿ ಕೂತು ಅವನ ಪಾದ ಹಿಡಿದುಕೊಂಡಿದ್ದಳು. ನನ್ನನ್ನು ಕಂಡು ಅವನ ಕಣ್ಣು ಅರಳಿತು.

"ಭಟ್ರೆ, ನಿಮ್ಮ ತಂತಿ ತುಂಡಾಗ್ಲಿಲ್ಲ," ಎಂದ. ಹೊಗಳಿಕೆಯ ದನಿಯಲ್ಲೇ ಹೇಳಿದ. ಸ್ಟೂಲ್ ಎಳೆದು ಕೂತೆ. ಅಳು ಬಂತು. ಐವತ್ತೆಂಟು ವರ್ಷದ ಹೊಟ್ಟೆ ಬಂದ ಮನುಷ್ಯ ಆಸ್ಪತ್ರೆಯ ವಾರ್ಡಿನಲ್ಲಿ ಗಳಗಳ ಅಳುವುದು ನೋಡಲು ಚೆನ್ನಾಗಿರುವುದಿಲ್ಲ, ಆದರೆ ತಡೆಯಲಾಗಲಿಲ್ಲ.

"ತುಂಡಾಗಬೇಕಿತ್ತು ಮಂಜಪ್ಪ. ಕೈಗೆ ಸುತ್ತಿಕೊಳ್ಳಬೇಡ ಅಂತ ನಾನು ಹೇಳಬೇಕಿತ್ತು. ಇನ್ನೂ ಒಂದು ಹೇಳಬೇಕಿತ್ತು. ನಾನು ಮೀನು ತಿಂದೆ. ತಿಂಗಳಾಗ್ತಾ ಬಂತು. ಇದೇ ಊರಲ್ಲಿ, ಬಸ್‌ಸ್ಟ್ಯಾಂಡ್ ಹತ್ತಿರ. ಮರುದಿನವೇ ನಿನಗೆ ಕಟ್ಟಿಕೊಟ್ಟೆ. ಆಮೇಲೆ ಕಟ್ಟಿದ್ದೂ ಅದೇ ಕೈ."

ನಾಗವೇಣಿಯ ಕೈ ಅವನ ಪಾದದ ಮೇಲೆ ಹಾಗೇ ನಿಂತಿತು. ಅವಳು ನನ್ನ ಕಡೆ ನೋಡಲಿಲ್ಲ. ಪಕ್ಕದ ಹಾಸಿಗೆಯ ಮುದುಕ ಕೆಮ್ಮುವುದನ್ನು ನಿಲ್ಲಿಸಿ ನಮ್ಮ ಕಡೆ ತಿರುಗಿದ. ಮಂಜಪ್ಪ ಬಯ್ಯಲಿ ಎಂದು ಕಾದೆ. ಎದ್ದು ಹೋಗಿ ಎಂದರೂ ಸಾಕಿತ್ತು.

"ಹಾಂ," ಎಂದ ಕೊನೆಗೆ. "ಅದಕ್ಕೇ ಕೇಳ್ತು."

"ಯಾರು ಕೇಳಿದ್ದು?"

"ಕೆಳಗಿಂದ. ತಂತಿಯೊಳಗಿಂದ ಕೈಗೇ ಬಂತು ಮಾತು. ಯಾರು ಕಟ್ಟಿದ್ದು ಅಂತ. ಮನುಷ್ಯರು ಕೇಳ್ದಂಗೇ ಕೇಳ್ತು."

"ಜ್ವರ ಭಟ್ರೆ," ಎಂದಳು ನಾಗವೇಣಿ ಸಣ್ಣ ದನಿಯಲ್ಲಿ. "ನಾ ಬಂದಾಗಿಂದ ಹಿಂಗೇ ಅಂತಿದಾರೆ." ಅವನ ಹಣೆಯ ಮೇಲೆ ಕೈಯಿಟ್ಟಳು. ಅವನು ಅವಳ ಕೈಯನ್ನು ಮೆಲ್ಲಗೆ ಸರಿಸಿದ.

"ಹೆಸ್ರು ಹೇಳಿದ್ರೆ ಬಿಡ್ತಿತ್ತು. ಅದು ನಂಗೆ ಗೊತ್ತಾಗ್ತಾ ಇತ್ತು. ದೋಣಿನ ನಿಮ್ಮ ಕಡೆಗೇ ಎಳೀತಾ ಇತ್ತಲ್ಲ, ಜೋಗ ಹತ್ತಿ ಬರೋ ಹಂಗೆ." ಬಟ್ಟೆ ಸುತ್ತಿದ ಕೈಯನ್ನು ಎತ್ತಿ ಬೆಳಕಿಗೆ ಹಿಡಿದ. "ನಾ ಹೇಳ್ಲಿಲ್ಲ. ಒಂದ್ಸಲ ಕೇಳಿ ಒಂದು ಬೆರಳು ತಗೊಳ್ತು. ಆಮೇಲೆ ಇನ್ನೊಂದ್ಸಲ ಕೇಳಿ ಇನ್ನೊಂದು. ಅಷ್ಟೊತ್ತಿಗೆ ಆ ಯಜಮಾನ್ರು ಬಂದ್ರು."

ಜ್ವರದವನ ಮಾತು, ಸುಮ್ಮನೆ ಹ್ಞೂಂ ಎಂದು ಏಳಬೇಕು ಎಂದು ಗೊತ್ತಿತ್ತು. ಆದರೆ ನನ್ನ ಬಾಯಿಯ ವಿಷಯ ನಿಮಗೆ ಗೊತ್ತೇ ಇದೆ.

"ಅವರು ಬರದೇ ಇದ್ದು, ಮೂರನೇ ಸಲ ಕೇಳಿದ್ದಿದ್ರೆ?"

ಮಂಜಪ್ಪ ತನ್ನ ಕೈಯನ್ನು ಅತ್ತಿತ್ತ ತಿರುಗಿಸಿ ನೋಡಿಕೊಂಡ. ನಾನು ಇಂಥದ್ದನ್ನೂ ಕೇಳುತ್ತೇನಲ್ಲ ಎಂಬಂತೆ ಸ್ವಲ್ಪ ನಕ್ಕ.

"ಇನ್ನೂ ಮೂರು ಇದ್ವಲ್ಲ ಭಟ್ರೆ," ಎಂದ.